ಮನ್ರೋ ಸಾಹೇಬರಿಗೆ ಕರೂರಿನಿಂದ ಒಂದು ಅರ್ಜಿ

ಗೆ,
ಸರ್ ಥಾಮಸ್ ಮನ್ರೋ ಸಾಹೇಬರು,
ದತ್ತ ಮಂಡಲದ ಮಾಜಿ ಪ್ರಿನ್ಸಿಪಾಲ್ ಕಲೆಕ್ಟರ್ (1800ರಿಂದ 1807),
ಹಾಲಿ ವಾಸ: ಸೇಂಟ್ ಮೇರಿ ಚರ್ಚಿನ ಸಮಾಧಿ, ಕೋಟೆ, ಮದರಾಸು.

ವಿಷಯ: ತಾವು ಬಿಟ್ಟುಹೋದ ಕಂದಾಯ ಕಚೇರಿ ಆನ್‌ಲೈನ್ ಆದ ಬಗ್ಗೆ.
ಉಲ್ಲೇಖ: ಸದರಿ ಕಡತ ಕಚೇರಿಯಲ್ಲಿ ಲಭ್ಯವಿಲ್ಲ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸಿರುಗುಪ್ಪ ತಾಲ್ಲೂಕು ಕರೂರಿನ ಖಾತೆದಾರನಾದ ನಾನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬದುಕಿರುವ ಅಧಿಕಾರಿಗಳಿಗೆ ಬರೆದ ಅರ್ಜಿಗಳೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬಲ್ಲಿಗೆ ನಿಂತಿರುವುದರಿಂದ, ಈ ಸಲ ತೀರಿಹೋದ ಅಧಿಕಾರಿಗೇ ಬರೆದು ನೋಡೋಣ ಅನ್ನಿಸಿತು. ನಮ್ಮ ಸೀಮೆಯಲ್ಲಿ ಇದಕ್ಕೆ ಪೂರ್ವನಿದರ್ಶನವೂ ಉಂಟು, ಅದನ್ನು ಹಾಕಿಕೊಟ್ಟವರು ತಾವೇ.

ಮಂತ್ರಾಲಯದ ಕಥೆ ತಮಗೆ ನೆನಪಿರಬಹುದು. ಆಗ ಅದು ಆದವಾನಿ ತಾಲ್ಲೂಕಿನ ಊರು. ಮಠದ ಇನಾಂ ಜಮೀನನ್ನು ಕಂಪನಿಗೆ ಸೇರಿಸಿಕೊಳ್ಳಬೇಕೆಂಬ ಹುಕುಂ ಹಿಡಿದು ತಾವು ಹೋದಿರಿ. ಟೋಪಿ, ಬೂಟು ತೆಗೆದಿಟ್ಟು ಒಳಗೆ ಕಾಲಿಟ್ಟಾಗ, 1671ರಲ್ಲಿ ಬೃಂದಾವನ ಸೇರಿದ ರಾಯರೇ ಎದುರು ಬಂದು ಜಮೀನಿನ ವಿಚಾರ ಮಾತಾಡಿದರು, ತಾವು ಕೇಳಿಸಿಕೊಂಡಿರಿ, ಜಮೀನು ಮಠಕ್ಕೇ ಉಳಿಯಿತು. ನಮ್ಮ ಕಡೆ ಇದನ್ನು ಹೇಳದ ಮನೆಯಿಲ್ಲ. ಭಕ್ತರು ಇದರಲ್ಲಿ ರಾಯರ ಮಹಿಮೆ ನೋಡುತ್ತಾರೆ. ಕಚೇರಿ ಅಲೆದು ಚಪ್ಪಲಿ ಸವೆಸಿದ ನನಗೆ ಕಾಣುವುದು ಕಲೆಕ್ಟರ ಮಹಿಮೆ. ಒಂದು: ಅಧಿಕಾರಿ ಸ್ಥಳಕ್ಕೆ ಬಂದರು. ಎರಡು: ಅರ್ಜಿದಾರರ ಮಾತನ್ನು ನಿಂತು ಕೇಳಿದರು. ಮೂರನೆಯದಂತೂ ಪವಾಡವೇ. ಅರ್ಜಿದಾರರು ಬೃಂದಾವನ ಸೇರಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿದ್ದರೂ ಯಾರೂ ಅವರ ಹತ್ತಿರ ಒಟಿಪಿ ಕೇಳಲಿಲ್ಲ.

ತಮ್ಮನ್ನು ಹೊಗಳಿ ಕೆಲಸ ಮಾಡಿಸಿಕೊಳ್ಳುವ ಉದ್ದೇಶವೇನೂ ಇಲ್ಲ. ತಾವು ವಿಧಿಸಿದ ಕಂದಾಯ ನಮ್ಮ ರೈತರ ಬೆನ್ನು ಮುರಿದಿತ್ತು. 1807ರಲ್ಲಿ ಹೊರಡುವ ಮುಂಚೆ ಕಾಲು ಭಾಗ ಇಳಿಸಿ ಎಂದು ತಾವೇ ಶಿಫಾರಸು ಬರೆದಿರಿ. ಅದು ಜಾರಿಗೆ ಬಂದದ್ದು 1820ರಲ್ಲಿ, ತಾವೇ ಮದರಾಸಿನ ಗವರ್ನರ್ ಆಗಿ ಬಂದ ಮೇಲೆ. ಒಂದು ಕಡತ ಮೇಜಿನಿಂದ ಮೇಜಿಗೆ ಹೋಗಲು ಎಷ್ಟು ದಿನ ಬೇಕು, ಕಡೆಗೆ ಅರ್ಜಿದಾರನೇ ಗವರ್ನರ್ ಆಗಬೇಕಾಗುತ್ತದೆ ಎಂಬುದು ತಮಗೆ ಸ್ವಂತ ಅನುಭವದಿಂದ ಗೊತ್ತು. ಹಾಗಾಗಿ ನನ್ನ ಮಾತು ತಮಗೆ ಅರ್ಥವಾದೀತು.

ಮೊದಲು ಒಳ್ಳೆಯ ಸುದ್ದಿ. ಪಹಣಿ ಈಗ ಊರ ಲೆಕ್ಕ ಬರೆಯುತ್ತಿದ್ದ ಕರಣಂ ಮನೆಯ ಗಂಟಿನಲ್ಲಿಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಎಂಬ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಕೈಬರಹದ ಪಹಣಿ ನಡೆಯುವುದಿಲ್ಲ ಎಂದರು. ಆಗ ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲೇ ಪ್ರಿಂಟು ಸಿಗುತ್ತಿತ್ತು. ಇದು ತಮಾಷೆಯ ಮಾತಲ್ಲ, ನಮ್ಮಪ್ಪನ ಕಾಲದವರಿಗೆ ಅದೊಂದು ಬಿಡುಗಡೆ. ಒಂದು ಪಹಣಿ ಬರೆಸಿಕೊಳ್ಳಲು ಕೋಳಿ, ಸೇರು ತುಪ್ಪ ಹೊತ್ತುಕೊಂಡು ಓಡಾಡಿದವರು ಅವರು.

ಆದರೆ ಕಂಪ್ಯೂಟರಿಗೆ ಹೋದದ್ದು ಪಹಣಿಯಷ್ಟೇ ಅಲ್ಲ, ಅದರೊಳಗಿನ ತಪ್ಪೂ ಹೋಯಿತು. ಕರಣಂ ಕೈಯ ತಪ್ಪನ್ನು ಕರಣಂ ಕೈ ತಿದ್ದುತ್ತಿತ್ತು, ಕೋಳಿಯ ದರಕ್ಕೆ. ಕಂಪ್ಯೂಟರಿನ ತಪ್ಪು ತಿದ್ದಲು ತಹಸೀಲ್ದಾರರೋ ಎಸಿ ಸಾಹೇಬರೋ ಬೇಕು.

ಒಬ್ಬಾಕೆಯ ಕೆಲಸ ಹೇಳುತ್ತೇನೆ. ಹುಲಿಗೆಮ್ಮ ಎನ್ನೋಣ. ಕಚೇರಿಯ ಹೆಸರು ಹೇಳುವುದಿಲ್ಲ, ನನ್ನ ಅರ್ಜಿಯೂ ಅಲ್ಲೇ ಇದೆ. ಆಕೆಯ ಗಂಡ ತೀರಿಕೊಂಡ, ಜಮೀನು ಆಕೆಯ ಹೆಸರಿಗೆ ಆಗಬೇಕು, ಅಂದರೆ ಪೌತಿ ಖಾತೆ. ಪಹಣಿಯಲ್ಲಿ ಗಂಡನ ಹೆಸರು ‘ಗಾದೆಲಿಂಗ’. ಆಧಾರ್ ಕಾರ್ಡಿನಲ್ಲಿ ‘ಗಾದಿಲಿಂಗಪ್ಪ’. ಮರಣ ಪತ್ರದಲ್ಲಿ ‘ಜಿ. ಲಿಂಗಪ್ಪ’. ಕಂಪ್ಯೂಟರಿನ ಲೆಕ್ಕದಲ್ಲಿ ಇವರು ಮೂರು ಜನ. ಒಬ್ಬರಿಗೆ ಜಮೀನುಂಟು, ಇನ್ನೊಬ್ಬರಿಗೆ ಹೆಂಡತಿಯುಂಟು, ಸತ್ತಿರುವುದು ಮೂರನೆಯವರು. ಕಡೆಗೆ ಹುಲಿಗೆಮ್ಮ ನೋಟರಿ ಹತ್ತಿರ ಹೋಗಿ, ತನಗಿದ್ದ ಗಂಡ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಿ ಬಂದಳು. ಅದನ್ನು ಸ್ಕ್ಯಾನ್ ಮಾಡಿ ಏರಿಸುವ ಹೊತ್ತಿಗೆ ಕಿಟಕಿಯಲ್ಲಿ ಈ ಮಾತು ನಡೆಯಿತು:

“ಥಂಬ್ ತಗೊಳ್ತಿಲ್ಲ ಅವ್ವ, ಕೈ ತೊಳ್ಕಂಡು ಬಾ.”
“ತೊಳ್ಕಂಡೇ ಬಂದೀನಪ್ಪ.”
“ಇನ್ನೊಂದು ಬೆಳ್ಳು ಇಡು... ಅದೂ ಬರ್ತಿಲ್ಲ. ಕಣ್ಣಾದ್ರೂ ತೋರ್ಸು.”
“ಪೊರೆ ಆಪರೇಷನ್ ಆಗೈತಪ್ಪ.”
“ಹಂಗಾದ್ರೆ ಆಧಾರ್ ಅಪ್‌ಡೇಟ್ ಮಾಡ್ಸಿಕೆಂಡು ಬಾ.”

ನಲವತ್ತು ವರ್ಷ ಕೆಸರಿನಲ್ಲಿ ನೆಲ್ಲು ಹಚ್ಚಿದ ಬೆರಳು ಅದು. ಗೆರೆ ಸವೆದು ನುಣ್ಣಗಾಗಿದೆ. ತಮ್ಮ ಕಾಲದಲ್ಲಿ ಓದು ಬಾರದವರ ಗುರುತಿನ ಬಗ್ಗೆ ಯಾರಾದರೂ ಸಂಶಯ ಪಟ್ಟರೆ ಊರಿನ ನಾಲ್ಕು ಜನ ಸಾಕ್ಷಿ ಹೇಳುತ್ತಿದ್ದರು. ಅವತ್ತೂ ಆ ನಾಲ್ಕು ಜನ ಅಲ್ಲೇ ಪಾಳಿಯಲ್ಲಿ ನಿಂತಿದ್ದರು. ಕಿಟಕಿಯ ಒಳಗಿದ್ದ ಹುಡುಗನಿಗೂ ಹುಲಿಗೆಮ್ಮ ಗೊತ್ತು, ಅವನ ಅತ್ತೆಯ ಓಣಿಯವಳೇ. ಆದರೆ ‘ನನಗೆ ಈಕೆ ಗೊತ್ತು’ ಎಂದು ಒತ್ತುವ ಬಟನ್ ಆ ಪರದೆಯಲ್ಲಿ ಇಲ್ಲ. ಹುಡುಗನನ್ನು ಬೈಯಬೇಡಿ. ಅವನು ಹೊರಗುತ್ತಿಗೆಯವನು, ಸಂಬಳ ಯಾವ ತಿಂಗಳದ್ದು ಯಾವ ತಿಂಗಳು ಬರುತ್ತದೆಂದು ಅವನಿಗೇ ಗೊತ್ತಿಲ್ಲ. ಬೈಗಳು ಮಾತ್ರ ಅಂದಂದಿನದು ಅಂದಂದೇ ಸಂದಾಯವಾಗುತ್ತದೆ.

ಇನ್ನು ಕಚೇರಿಯ ಒಳಾಡಳಿತ. ತಾವು ಡೇರೆ ಹೊತ್ತು ಊರೂರು ತಿರುಗಿದವರು, ಜನ ಡೇರೆಯ ಮುಂದೆ ಬಂದು ಕೂಗಬಹುದಿತ್ತು. ಈಗಿನ ಅಧಿಕಾರಿಗಳು ವಾಸವಾಗಿರುವ ಜಾಗಕ್ಕೆ ‘ಲಾಗಿನ್’ ಎನ್ನುತ್ತಾರೆ. “ನಿಮ್ಮ ಅರ್ಜಿ ವಿಎ ಲಾಗಿನ್ನಿನಾಗ ಐತಿ” ಅಂದರೆ ಒಂದು ವಾರ. “ಆರ್‌ಐ ಲಾಗಿನ್ನಿಗೆ ಹೋಗೈತಿ” ಅಂದರೆ ಇನ್ನೊಂದು. “ಸಾಹೇಬ್ರ ಲಾಗಿನ್ನಿನಾಗ ಐತಿ” ಅಂದರೆ ದೇವರ ಪಾದ ಸೇರಿದೆ ಎಂದು ತಿಳಿದು ಮನೆಗೆ ಹೋಗಬೇಕು. ಸಾಹೇಬರಿಗೆ ವರ್ಗವಾದರಂತೂ ಹೊಸಬರ ಸಹಿಯ ಕೀ ಇನ್ನೂ ಮ್ಯಾಪ್ ಆಗಿಲ್ಲ ಎನ್ನುತ್ತಾರೆ. ಹೊಸ ಸಾಹೇಬರು ಕುರ್ಚಿಯಲ್ಲಿ ಕೂತಿರುವುದು ನಮಗೆಲ್ಲ ಕಾಣುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ.

ಕಾಗದರಹಿತ ಕಚೇರಿ ಬರುತ್ತದೆ ಎಂದಿದ್ದರು, ಬಂದಿದೆ. ಪತ್ರವನ್ನು ಟೈಪು ಮಾಡುತ್ತಾರೆ, ಪ್ರಿಂಟ್ ತೆಗೆಯುತ್ತಾರೆ, ಸಹಿ ಹಾಕುತ್ತಾರೆ, ಸ್ಕ್ಯಾನ್ ಮಾಡಿ ಏರಿಸುತ್ತಾರೆ, ಆ ಕಾಗದವನ್ನು ಭದ್ರವಾಗಿ ಫೈಲಿಗೆ ಹಾಕುತ್ತಾರೆ. ಮೇಲಿನಿಂದ ‘ಪರಿಶೀಲಿಸಿ ಮಂಡಿಸಿ’ ಎಂದು ಶರಾ ಬರುತ್ತದೆ, ಕೆಳಗಿನಿಂದ ‘ನಿಯಮಾನುಸಾರ ಕ್ರಮಕ್ಕಾಗಿ ಸಲ್ಲಿಸಿದೆ’ ಎಂದು ಹೋಗುತ್ತದೆ. ಮೊದಲು ಈ ಎರಡು ವಾಕ್ಯಗಳು ಎತ್ತಿನ ಗಾಡಿಯಲ್ಲಿ ಓಡಾಡುತ್ತಿದ್ದವು, ಈಗ ಫೈಬರಿನಲ್ಲಿ ಓಡಾಡುತ್ತವೆ.

ತಮ್ಮ ಕರಣಂ ಏನಾದ ಎಂದು ಕೇಳುತ್ತೀರಿ. ವಂಶಪಾರಂಪರ್ಯದ ಗ್ರಾಮಾಧಿಕಾರ 1963ರಲ್ಲೇ ಹೋಯಿತು. ಆಮೇಲೆ ಬಂದವರು ಗ್ರಾಮ ಲೆಕ್ಕಿಗರು, ಈಗ ಅವರಿಗೆ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು. ಹೆಸರು ಉದ್ದವಾದಷ್ಟೂ ಕೆಲಸ ಉದ್ದವಾಗಿದೆ. 2024ರ ಸೆಪ್ಟೆಂಬರಿನಲ್ಲಿ ಇವರು ರಾಜ್ಯದಾದ್ಯಂತ ಮುಷ್ಕರಕ್ಕೆ ಕೂತರು. ಕಾರಣ ಕೇಳಿದರೆ ತಾವು ನಂಬಲಿಕ್ಕಿಲ್ಲ: ಆ್ಯಪ್. ಒಬ್ಬೊಬ್ಬರ ತಲೆಯ ಮೇಲೆ 17ಕ್ಕೂ ಹೆಚ್ಚು. ಪಹಣಿಗೆ ಆಧಾರ್ ಜೋಡಿಸಲು ಒಂದು, ಸರ್ಕಾರಿ ಜಾಗದ ಗಸ್ತಿಗೆ ಒಂದು, ಬಗರ್‌ಹುಕುಂಗೆ ಒಂದು, ಹಕ್ಕುಪತ್ರಕ್ಕೆ ಒಂದು, ಬೆಳೆ ಹಾನಿಗೆ ಇನ್ನೊಂದು. ಇವರ ಬೇಡಿಕೆಗಳಲ್ಲಿ ಮೇಜು, ಕುರ್ಚಿ, ಅಲ್ಮೇರ, ಫೋನು, ಸಿಮ್ಮು, ಲ್ಯಾಪ್‌ಟಾಪು ಸೇರಿದ್ದವು. ಅಂದರೆ ಡಿಜಿಟಲ್ ಆಡಳಿತ ಅಷ್ಟು ದಿನ ನಡೆದದ್ದು ಯಾರದೋ ಮನೆಯ ಕಂತಿನ ಮೊಬೈಲಿನಲ್ಲಿ. ಲ್ಯಾಪ್‌ಟಾಪ್ ಹಂಚುವ ಕೆಲಸ ಆಮೇಲೆ ಶುರುವಾಯಿತು. ಒಂದು ಆ್ಯಪ್ ಹುಟ್ಟಿದಾಗ ವಿಧಾನಸೌಧದಲ್ಲಿ ದೀಪ ಹಚ್ಚುತ್ತಾರೆ. ಅದು ಇನ್ನು ಬೇಡ ಎಂದು ಮುಚ್ಚಿದ ಸಮಾರಂಭವನ್ನು ನಾನು ಎಲ್ಲೂ ಕಂಡಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಕಾನೂನು ನಮ್ಮ ಪರವಾಗಿಯೇ ಇದೆ. 2011ರ ‘ಸಕಾಲ’ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ಜಾರಿಗೆ ಬಂದದ್ದು. ಇಂತಿಷ್ಟು ದಿನದಲ್ಲಿ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರನಿಗೆ ಸಿಗಬೇಕು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ವಾಪಸು ಕಳಿಸುತ್ತಿದ್ದ ನಾಡಿನಲ್ಲಿ, ಕಚೇರಿಯ ಬಾಗಿಲ ಮೇಲಿನ ಆ ಬರಹವನ್ನು ಅಳಿಸಲು ಮಾಡಿದ ಕಾನೂನು ಅದು. ಆದರೆ ಅದಕ್ಕೊಂದು ಕಳ್ಳಗಿಂಡಿ ಇದೆ. ಗಡುವಿನ ಕಡೆಯ ದಿನ ಅರ್ಜಿಯನ್ನು ‘ದಾಖಲೆ ಅಪೂರ್ಣ’ ಎಂದು ತಿರಸ್ಕರಿಸಿದರೂ ಅದು ವಿಲೇವಾರಿಯ ಲೆಕ್ಕಕ್ಕೇ ಬರುತ್ತದೆ. ಕೊಟ್ಟದ್ದೂ ವಿಲೇವಾರಿ, ಕೊಡದಿದ್ದದ್ದೂ ವಿಲೇವಾರಿ. ಇನ್ನು, ಸರ್ವರ್ ಇಲ್ಲದ ದಿನ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ಹುಟ್ಟದ ಅರ್ಜಿಗೆ ಗಡುವು ಎಲ್ಲಿಯದು? ಸರ್ಕಾರ ಮಾಡಿದ ವ್ಯವಸ್ಥೆಗಳಲ್ಲಿ ಸಕಾಲದ ಗಡುವಿಗೆ ಸಿಗದ ನೌಕರ ಸರ್ವರ್ ಒಬ್ಬನೇ.

ಮತ್ತೊಂದು, ಗಡಿಯ ತೊಂದರೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಬಂದವು, ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಬೀಗತನ ಹಂಚಿಕೆಯಾಗಲಿಲ್ಲ. ಆದವಾನಿಯ ತವರಿನಲ್ಲಿ ಹೆತ್ತ ಮಗುವಿನ ಜನನ ಪತ್ರ ತೆಲುಗಿನಲ್ಲಿರುತ್ತದೆ. ನಮ್ಮ ಜಿಲ್ಲೆಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಉಂಟು, ಅದರ ಅರ್ಹತಾ ಪತ್ರ ಪಡೆಯಲು ಆ ಮಗು ಹದಿನೆಂಟನೇ ವರ್ಷಕ್ಕೆ ತಾನು ಈ ಸೀಮೆಯವನೇ ಎಂದು ತೋರಿಸಬೇಕು. ಅವನು ಓದಿದ್ದು ಸರ್ಕಾರಿ ಶಾಲೆ, ಉಂಡದ್ದು ಸರ್ಕಾರಿ ಬಿಸಿಯೂಟ, ರೇಷನ್ ಕಾರ್ಡು, ಪಹಣಿ ಎಲ್ಲ ಸರ್ಕಾರದ ಹತ್ತಿರವೇ ಇವೆ. ಆದರೂ ಸರ್ಕಾರ ತನ್ನ ಒಂದು ಕೈಯಲ್ಲಿರುವ ಕಾಗದದ ಜೆರಾಕ್ಸನ್ನು ಇನ್ನೊಂದು ಕೈಗೆ ತಲುಪಿಸಲು ಆ ಹುಡುಗನಿಗೆ ಬಸ್ ಚಾರ್ಜು ಹಾಕಿಸುತ್ತದೆ.

ನನಗೆ ಕೋಪ ಇರುವುದು ಇದರ ಮೇಲೆಯೇ. ಆನ್‌ಲೈನ್ ಎಂದರೆ ಕಚೇರಿ ಬದಲಾಗಬೇಕಿತ್ತು, ಬದಲಾದದ್ದು ಕಿಟಕಿ ಮಾತ್ರ. ಒಳಗಿನ ಮೇಜುಗಳು, ಆ ಮೇಜುಗಳ ಸರತಿ, ಎಲ್ಲರೂ ಸಹಿ ಹಾಕಿ ಯಾರೂ ಹೊಣೆ ಹೊರದ ಪದ್ಧತಿ ಹಾಗೇ ಇವೆ.

ತಾವು ಚರ್ಚಿನಿಂದ ಎದ್ದು ಬರುವುದು ಕಷ್ಟ ಎಂದು ಬಲ್ಲೆ. ಆದ್ದರಿಂದ ಇದರ ಪ್ರತಿಯನ್ನು ಬೆಂಗಳೂರಿನ ಕಂದಾಯ ಇಲಾಖೆಗೂ ಕಳಿಸುತ್ತಿದ್ದೇನೆ. ಅಲ್ಲಿನ ದೊಡ್ಡವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಸರ್ವರ್ ನಿಂತ ದಿನ ಬಿಳಿ ಹಾಳೆಯ ಮೇಲೆ ಅರ್ಜಿ ತಗೊಂಡು ಮೊಹರು ಹಾಕಿ ಕೊಡಲಿ, ಸಕಾಲದ ದಿನ ಆ ಮೊಹರಿನಿಂದಲೇ ಎಣಿಸಲಿ. ಸರ್ಕಾರ ತಾನೇ ಕೊಟ್ಟ ಕಾಗದವನ್ನು ನಮ್ಮಿಂದ ಮತ್ತೆ ಕೇಳದಿರಲಿ. ತಿರಸ್ಕರಿಸಿದರೆ ಏನು ಕಡಿಮೆ, ಎಲ್ಲಿ ಸಿಗುತ್ತದೆ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಲಿ, ತಿರಸ್ಕಾರವನ್ನು ವಿಲೇವಾರಿಯ ಲೆಕ್ಕದಿಂದ ತೆಗೆಯಲಿ. ಬೆರಳು ಸವೆದವರಿಗೆ ಊರಿನ ಇಬ್ಬರ ಸಾಕ್ಷಿ ಸಾಕು ಎನ್ನಲಿ. ಹೊಸ ಆ್ಯಪ್ ತರುವ ಮುಂಚೆ ಹಳೆಯದೊಂದನ್ನು ಮುಚ್ಚಲಿ. ಮತ್ತೆ, ಆ ಆ್ಯಪ್ ಮಾಡಿದ ಮಹಾನುಭಾವರನ್ನು ಜೂನ್ ತಿಂಗಳಲ್ಲಿ, ಶಾಲೆ-ಕಾಲೇಜು ಸೇರಿಸುವ ಹೊತ್ತಿನಲ್ಲಿ, ಯಾವುದಾದರೂ ನಾಡಕಚೇರಿಯ ಕಿಟಕಿಯ ಒಳಗೆ ಒಂದು ದಿನ ಕೂರಿಸಲಿ. ಚಹಾದ ಖರ್ಚು ನಮ್ಮ ಊರಿನದು.

ಇಂತಿ ತಮ್ಮ ವಿಶ್ವಾಸಿ,
ಕರೂರಿನ ಒಬ್ಬ ಖಾತೆದಾರ

ಲಗತ್ತು: ಆಧಾರ್ ಜೆರಾಕ್ಸ್, ಎರಡೂ ಬದಿ.