ಕಾರಿಗೆ ಸ್ನಾನ ಬಂದ್

2024ರ ಮಾರ್ಚಿನಲ್ಲಿ ಬೆಂಗಳೂರಿನ ಕಾರುಗಳಿಗೆ ಸ್ನಾನ ತಪ್ಪಿತು. ಕುಡಿಯುವ ನೀರಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ್ದೇ ತಡ, ಬೆಳಗಾದರೆ ಪೈಪು ಹಿಡಿದು ಅಭಿಷೇಕಕ್ಕೆ ನಿಲ್ಲುತ್ತಿದ್ದ ರಾಯರು ಒದ್ದೆ ಬಟ್ಟೆಗೆ ಇಳಿದರು. ಧೂಳು ಹಿಡಿದ ಕಾರೇ ಸಜ್ಜನರ ಗುರುತಾಯಿತು.

ಕಾವೇರಿಯೇನು ಪಕ್ಕದ ಬೀದಿಯವಳೇ? ಸುಮಾರು ನೂರು ಕಿಲೋಮೀಟರ್ ದೂರದಿಂದ, ಪಂಪುಗಳ ಹೆಗಲೇರಿ ಹತ್ತಿ ಬರುತ್ತಾಳೆ. ಹಾಗೆ ಬಂದವಳನ್ನು ಹಲ್ಲುಜ್ಜುತ್ತಲೇ ಚರಂಡಿಗೆ ಬೀಳ್ಕೊಡುವುದು ಊರಿನ ವಾಡಿಕೆ.

ಅಡುಗೆಮನೆಯ ಲೆಕ್ಕ ಬೇರೆ. ಮನೆಯ ಆರ್‌ಒ ಯಂತ್ರಗಳು ಕುಡಿಯಲು ಕೊಡುವುದಕ್ಕಿಂತ ಹೊರಗೆ ಚೆಲ್ಲುವುದೇ ಸಾಮಾನ್ಯವಾಗಿ ಹೆಚ್ಚು. ಸಿಂಕಿಗೆ ಬಿಟ್ಟ ಆ ಸಣ್ಣ ಪೈಪನ್ನು ಬಕೆಟ್ಟಿಗೆ ತಿರುಗಿಸಿದರಾಯಿತು, ನೆಲ ಒರೆಸಲು ನೀರು ತಯಾರು. ಅದರಲ್ಲಿ ಲವಣ ಜಾಸ್ತಿ. ಹಾಗಾಗಿ ಕುಂಡದ ಕರಿಬೇವಿಗೆ ಅಕ್ಕಿ ತೊಳೆದ ನೀರೇ ವಾಸಿ.

ಆಮೇಲೆ ನಲ್ಲಿಯ ಬಾಯಿಗೆ ಏರೇಟರ್ ಬಂತು. ಪುಟ್ಟ ಜಾಲರಿ, ನೀರಿಗೆ ಗಾಳಿ ಬೆರೆಸಿ, ಕಡಿಮೆ ನೀರನ್ನೇ ಧಾರಾಳವಾಗಿ ತೋರಿಸುತ್ತದೆ. ಅತ್ತೆಯವರಿಗೆ ಗುಮಾನಿ. “ಹಾಲಿಗೆ ನೀರು ಬೆರೆಸೋರನ್ನ ನೋಡಿದ್ದೆ ಕಣೇ, ನೀರಿಗೇ ಗಾಳಿ ಬೆರೆಸ್ತಾರಲ್ಲ!”

“ಬಿಲ್ಲೂ ಇಳಿಯತ್ತೆ, ಅತ್ತೆ.”

“ಹೌದಾ? ಹಾಗಿದ್ರೆ ಬಚ್ಚಲಿಗೂ ಒಂದು ಹಾಕಿಸು.”