ಕಂಟ್ರೋಲ್ ಜೆಡ್ ಮಹಾಶಯ

ಮನೆ ಪ್ಲಾನ್ ಹಾಕುವ ಯಾವ ಆಫೀಸಿಗೆ ಹೋದರೂ ಆಟೋಕ್ಯಾಡ್ ಮುಂದೆ ಈ ಮಹಾಶಯ ಕೂತಿರುತ್ತಾನೆ. ಬಲಗೈಯಲ್ಲಿ ಮೌಸ್, ಎಡಗೈ ಕಿರುಬೆರಳು ಕಂಟ್ರೋಲ್ ಮೇಲೆ, ಪಕ್ಕದ್ದು ಜೆಡ್ ಮೇಲೆ. ಗೆರೆ ಎಳೆಯುವ ಮೊದಲೇ ಅಳಿಸಲು ತಯಾರು. ನೋಡಿದವರು ಪುಕ್ಕಲ ಎನ್ನುತ್ತಾರೆ. ನನಗೇನೋ ಆಫೀಸಿನಲ್ಲಿ ಧೈರ್ಯವಂತ ಅಂದರೆ ಇವನೇ ಅನಿಸುತ್ತದೆ. ಅಡುಗೆಮನೆಯನ್ನು ಈಶಾನ್ಯಕ್ಕೆ ಎತ್ತಿ ಒಗೆಯುತ್ತಾನೆ, ಮೆಟ್ಟಿಲನ್ನು ದೇವರಕೋಣೆಯ ಮೇಲೇ ಹತ್ತಿಸುತ್ತಾನೆ, ‘ಥೂ’ ಎಂದು ಟಕಟಕ ಜೆಡ್ ಕುಟ್ಟಿ ಎಲ್ಲವನ್ನೂ ಸ್ವಸ್ಥಾನಕ್ಕೆ ಕಳಿಸುತ್ತಾನೆ. ವಾಸ್ತುವಿನವರು ಕಂಡರೆ ಮೂರ್ಛೆ ಹೋಗುವಂಥ ಮನೆಗಳನ್ನು ಕಟ್ಟಿ ಕೆಡವದೆ ಒಳ್ಳೆಯ ಮನೆ ಇವನಿಗೆ ಹೊಳೆಯುವುದಿಲ್ಲ.

ಟ್ರೇಸಿಂಗ್ ಹಾಳೆಯ ಕಾಲದ ಹಿರಿಯರು ಇದನ್ನು ಒಪ್ಪುವುದಿಲ್ಲ. ‘ನಾವು ಯೋಚಿಸಿ ಎಳೆಯುತ್ತಿದ್ದೆವಪ್ಪಾ’ ಎನ್ನುತ್ತಾರೆ. ಇರಬಹುದು, ಹಾಗಾದರೆ ಅವರ ಡ್ರಾಯರಿನಲ್ಲಿ ಅರ್ಧ ಬ್ಲೇಡು ಯಾಕಿರುತ್ತಿತ್ತು? ಇಂಡಿಯನ್ ಇಂಕಿನ ಗೆರೆಯನ್ನು ಉಸಿರು ಬಿಗಿಹಿಡಿದು ಕೆರೆಯಲಿಕ್ಕೆ. ಅದೂ ಅನ್‌ಡೂನೇ. ಒಂದೇ ಕಡೆ ಮತ್ತೆ ಮತ್ತೆ ಕೆರೆದರೆ ಹಾಳೆ ತೂತು, ಹಾಗಾಗಿ ‘ಗೋಡೆ ಅಲ್ಲೇ ಇರಲಿ ಬಿಡು’ ಎಂಬ ತೀರ್ಮಾನ. ಅವರ ಯೋಚನೆಯಲ್ಲಿ ಅರ್ಧ ಪಾಲು ಹಾಳೆಯ ಭಯದ್ದು.

ಇವನಿಗೆ ಸೋಮಾರಿತನ ಬಂದಿಲ್ಲವೇ ಎಂದರೆ, ಬಂದಿದೆ. ತಪ್ಪಿ ಒಂದು ಬಾಗಿಲು ಅಳಿಸಿ ಹೋಯಿತೆನ್ನಿ. ‘ಊಪ್ಸ್’ ಎಂದು ಟೈಪ್ ಮಾಡಿದರೆ ಸಾಕು, ಕೊನೆಗೆ ಅಳಿಸಿದ್ದಷ್ಟೇ ವಾಪಸ್ ಬರುತ್ತದೆ, ಆಮೇಲೆ ಎಳೆದದ್ದು ಅಲುಗುವುದಿಲ್ಲ. ಇವನು ಅದನ್ನು ಕಲಿಯಲೊಲ್ಲ. ಒಂದು ಬಾಗಿಲಿಗಾಗಿ ಇಡೀ ಬೆಳಗಿನ ಕೆಲಸವನ್ನು ಹಿಂದಕ್ಕೆ ಎಳೆಯುತ್ತಾನೆ. ಆದರೆ ಅದು ಜೆಡ್‌ನ ದೋಷವಲ್ಲ. ನಿಜವಾದ ಗಂಡಾಂತರ ಇರುವುದು ವೈ ಹತ್ತಿರ. ಮನೆ ಯಜಮಾನರಿಗೆ ‘ಮೊದಲು ಹೀಗಿತ್ತು ನೋಡಿ ಸಾರ್’ ಎಂದು ತೋರಿಸಲು ಹಿಂದೆ ಹೋಗುತ್ತಾನೆ, ಅಲ್ಲೊಂದು ಸೊಟ್ಟ ಕಿಟಕಿ ಕಣ್ಣಿಗೆ ಬೀಳುತ್ತದೆ, ಕೈ ತಡೆಯದೆ ಸರಿಮಾಡುತ್ತಾನೆ. ಮುಗಿಯಿತು: ಹೊಸ ಗೆರೆ ಬಿದ್ದೊಡನೆ ರೀಡೂ ದಾರಿ ಬಂದ್. ಕಂಟ್ರೋಲ್ ವೈ ಎಷ್ಟು ಒತ್ತಿದರೂ ಆಚೆಯಿಂದ ಉತ್ತರವಿಲ್ಲ.

ಫೈಲ್ ಮುಚ್ಚಿದರೂ ಹಿಂದಿನದೆಲ್ಲ ಮಾಯ. ಸೇವ್ ಮಾಡಿದರೆ ಮಾತ್ರ ಏನೂ ಆಗುವುದಿಲ್ಲ, ಆದರೆ ಇವನು ನಂಬುವುದಿಲ್ಲ. ಸೇವ್ ಒತ್ತಲೂ ಹಿಂದೆಮುಂದೆ ನೋಡುತ್ತಾನೆ. ಸಂಜೆ ಮಾನಿಟರ್ ಆರಿಸಿ, ಸಿಪಿಯು ಹಾಗೇ ಬಿಟ್ಟು, ‘ಯಾರೂ ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ ಮನೆಗೆ ಹೋಗುತ್ತಾನೆ. ಕರೆಂಟ್ ಬಿಲ್ ಕಟ್ಟುವ ಬಾಸ್ ಮಾತ್ರ ಇವನನ್ನು ಧೈರ್ಯವಂತ ಎಂದು ಒಪ್ಪುವುದು ಕಷ್ಟ.