ಬಾಲಹಸ್ತ ಮೀಮಾಂಸೆ

ಮಾತು ಬಾರದ ಜೀವವೊಂದು ಮಾತು ಬಲ್ಲ ಮನೆಮಂದಿಯನ್ನೆಲ್ಲ ಒಂದೇ ಬೆರಳಿನಿಂದ ಆಳುವ ವಿದ್ಯೆಗೆ ಬಾಲಹಸ್ತಶಾಸ್ತ್ರವೆಂದು ಹೆಸರು. ಯಾವ ಶಾಸ್ತ್ರಕ್ಕೂ ಇರಬೇಕಾದ ಅನುಬಂಧ ಚತುಷ್ಟಯ ಇದಕ್ಕೂ ಉಂಟು. ಒಂಬತ್ತು ತಿಂಗಳು ತುಂಬಿದ ಕೂಸು ಅಧಿಕಾರಿ, ಕೈಗೆಟುಕದ್ದೆಲ್ಲವೂ ವಿಷಯ, ಅದು ಕೈಗೆ ಬರುವುದೇ ಪ್ರಯೋಜನ, ಇವುಗಳ ನಡುವಿನ ಸಂಬಂಧ, ಎತ್ತಿಕೊಂಡವರ ಸೊಂಟ.

ನಂದಿಕೇಶ್ವರನ ‘ಅಭಿನಯ ದರ್ಪಣ’ ಒಂಟಿಗೈ ಮುದ್ರೆಗಳನ್ನು 28 ಎಂದು ಎಣಿಸುತ್ತದೆ. ಕೂಸಿಗೆ ಅಷ್ಟು ಪುರುಸೊತ್ತಿಲ್ಲ. ತೋರುಬೆರಳು ಚಾಚುವ ‘ಸೂಚಿ’ಯೊಂದನ್ನೇ ಹಿಡಿದು, ವರ್ಷ ತುಂಬುವ ಹೊತ್ತಿಗೆ ಅದು ಅದರಲ್ಲಿ ಪಾರಂಗತವಾಗುತ್ತದೆ. ಕೈ ಹೋದತ್ತ ಕಣ್ಣು ಹೋಗಬೇಕೆಂಬ ನಾಟ್ಯದ ಕಟ್ಟಳೆಯನ್ನು ಮಾತ್ರ ಅದು ಒಪ್ಪಿಲ್ಲ. ಕೈ ರವೆಉಂಡೆ ಡಬ್ಬಿಯ ಕಡೆ ನೆಟ್ಟಿದ್ದರೆ, ಕಣ್ಣು ಡಬ್ಬಿಗೂ ಅಜ್ಜಿಯ ಮುಖಕ್ಕೂ ಓಡಾಡುತ್ತಿರುತ್ತದೆ. ಅರ್ಜಿ ಕೊಟ್ಟರೆ ಸಾಲದು, ಸಾಹೇಬರು ಓದಿದರೇ ಎಂದೂ ನೋಡಬೇಕಷ್ಟೆ. 1975ರಲ್ಲಿ ಇಟಲಿಯ ಶಿಶುಗಳನ್ನು ಗಮನಿಸಿದ ಎಲಿಜಬೆತ್ ಬೇಟ್ಸ್ ಮತ್ತು ಸಂಗಡಿಗರು ಈ ಬೆರಳಿಗೆ ಎರಡು ಅರ್ಥ ಹೇಳಿದರು: ‘ಕೊಡು’ ಎಂಬ ಆಜ್ಞೆ, ‘ನೋಡು’ ಎಂಬ ನಿವೇದನೆ. ಕಾಗೆ ತೋರಿಸಿದ ಕೂಸಿಗೆ ಕಾಗೆ ಹಿಡಿದು ತರಲು ಹೊರಟವರು ಶಾಸ್ತ್ರ ತಿಳಿಯದವರು. ‘ಹೂಂ ಕಂದ, ಕಾಕಾ’ ಎಂದವರು ಬಲ್ಲವರು.

ಮೊದಮೊದಲು ನಾಲಗೆಗೆ ಒಂದು ಸಲಕ್ಕೆ ಒಂದೇ ಪದ. ವಾಕ್ಯದ ಉಳಿದ ಭಾಗ ಕೈಯ ಪಾಲು. ಬೆಕ್ಕು ತೋರಿಸಿ ‘ಬೆಕ್ಕು’ ಎಂದರೆ ಪುನರುಕ್ತಿ ದೋಷ. ಬಾಗಿಲ ಬಳಿಯ ಚಪ್ಪಲಿ ತೋರಿಸಿ ‘ಅಪ್ಪ’ ಎಂದರೆ ಷಷ್ಠೀ ವಿಭಕ್ತಿ. ಮಲಗಿದ ಬೆಕ್ಕನ್ನು ತೋರಿಸಿ ‘ತಾಚಿ’ ಎಂದರೆ ಕರ್ತೃಪದ ಬೆರಳಲ್ಲಿ, ಕ್ರಿಯಾಪದ ಬಾಯಲ್ಲಿ. ಈ ಸಮಾಸಕ್ಕೆ ವೈಯಾಕರಣ ಕೇಶಿರಾಜ ಸೂತ್ರ ಬರೆದಿಲ್ಲ. ಜಾನಾ ಐವರ್ಸನ್ ಮತ್ತು ಸೂಸನ್ ಗೋಲ್ಡಿನ್-ಮೆಡೋ 10 ಮಕ್ಕಳ ಬೆನ್ನು ಹತ್ತಿ 2005ರಲ್ಲಿ ಪ್ರಕಟಿಸಿದ ಪ್ರಕಾರ, ಇಂಥ ಸಮಾಸವನ್ನು ಮೊದಲು ಕಟ್ಟಿದ ಮಕ್ಕಳೇ ಎರಡು ಪದದ ಮಾತನ್ನೂ ಮೊದಲು ಆಡಿದರು. ಪುನರುಕ್ತಿಗೆ ಆ ಫಲವಿಲ್ಲ.

ಭಾಷ್ಯಕಾರರಲ್ಲಿ ಅಜ್ಜಿಯರ ಮತವೇ ಪ್ರಮಾಣ. ಕೂಸು ಗೋಡೆಯತ್ತ ಕೈಚಾಚಿ ‘ಉಂ’ ಎಂದರೆ, ‘ಸೆಕೆ ಆಗ್ತಿದೆ ಅಂತಿದೆ ಪಾಪ, ಫ್ಯಾನ್ ಹಾಕೋ’ ಎಂದು ಅಜ್ಜಿ ಭಾಷ್ಯ ಬರೆಯುತ್ತಾರೆ. ಕೂಸಿಗೆ ಬೇಕಿದ್ದದ್ದು ಸ್ವಿಚ್ಚು. ಮೂಲಕಾರನ ಆಶಯಕ್ಕೂ ಭಾಷ್ಯಕ್ಕೂ ಇಷ್ಟು ಅಂತರ ದೊಡ್ಡ ದರ್ಶನಗಳಲ್ಲೂ ಇದ್ದದ್ದೇ.

ಕೈ ಒಂದು, ಬಾಯಿ ಇನ್ನೊಂದು ಹೇಳಿದರೆ ಅದು ವಿಸಂವಾದ. ಮನಶ್ಶಾಸ್ತ್ರಜ್ಞ ಪಿಯಾಜೆಯ ಪ್ರಸಿದ್ಧ ಪರೀಕ್ಷೆಯಲ್ಲಿ ಉದ್ದ ಲೋಟದ ನೀರನ್ನು ಅಗಲ ಪಾತ್ರೆಗೆ ಸುರಿಯುತ್ತಾರೆ. ಲೋಟ ಎತ್ತರ, ಪಾತ್ರೆ ಗಿಡ್ಡ, ಆದ್ದರಿಂದ ನೀರು ಕಡಿಮೆಯಾಯಿತು ಎಂದು ಮಗು ವಾದಿಸುತ್ತದೆ. ಅದೇ ಹೊತ್ತಿಗೆ ಕೆಲವು ಮಕ್ಕಳ ಕೈ ಪಾತ್ರೆಯ ಅಗಲವನ್ನು ತೋರಿಸುತ್ತಿರುತ್ತದೆ. ಬಾಯಿಗಿಂತ ಮೊದಲು ಕೈಗೆ ಗೊತ್ತಾಗಿದೆ. ಇಂಥ ಮಕ್ಕಳೇ ಹೇಳಿಕೊಟ್ಟದ್ದನ್ನು ಚೆನ್ನಾಗಿ ಹಿಡಿಯುತ್ತಾರೆಂದು ಬ್ರೆಕಿನ್‌ರಿಜ್ ಚರ್ಚ್ ಮತ್ತು ಗೋಲ್ಡಿನ್-ಮೆಡೋ 1986ರಲ್ಲಿ ಕಂಡರು. ‘ನಾ ಬೆಲ್ಲ ತಿಂದಿಲ್ಲ’ ಎನ್ನುವಾಗ ಬೆನ್ನ ಹಿಂದೆ ಹೋಗುವ ಕೈ ವಿಸಂವಾದದ ದೇಶೀ ಪ್ರಭೇದ. ಅಲ್ಲೂ ಸತ್ಯ ಕೈಯದೇ.

ಇವೆಲ್ಲ ದೊಡ್ಡವರನ್ನು ನೋಡಿ ಕಲಿತದ್ದು ಎಂಬುದು ಪೂರ್ವಪಕ್ಷ. ಹುಟ್ಟು ಕುರುಡಿನ ಮಕ್ಕಳೂ, ಕೇಳುವವರಿಗೂ ಕಣ್ಣಿಲ್ಲವೆಂದು ತಿಳಿದಿದ್ದರೂ, ಕೈಯಾಡಿಸಿಯೇ ಮಾತಾಡುತ್ತಾರೆಂದು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರದಿಯಾದ ಮೇಲೆ ಆ ಪಕ್ಷದ ದನಿ ಉಡುಗಿತು.

ಉತ್ತರಕಾಂಡ ನಡೆಯುವುದು ಶಾಲೆಯಲ್ಲಿ. ಲೆಕ್ಕ ಬಿಡಿಸುವಾಗ ಕೈಯಾಡಿಸಿದ ಮಕ್ಕಳಿಗೆ ಕಲಿತದ್ದು ಹೆಚ್ಚು ಕಾಲ ನಿಲ್ಲುತ್ತದೆಂದು ಪ್ರಯೋಗಗಳು ಹೇಳುತ್ತವೆ. ಕನ್ನಡ ಶಾಲೆಯ ಮೇಷ್ಟ್ರಿಗೆ ಪ್ರಯೋಗ ಬೇಕಿಲ್ಲ. ಕೈಯೂ ಬಾಯಿಯೂ ಒಂದೇ ಯಂತ್ರವೆಂದು ಅವರು ಮೊದಲೇ ಬಲ್ಲರು. ಬರೀ ಬಾಯಿ ಮುಚ್ಚಿಸಿದರೆ ಮಾತು ನಿಲ್ಲದೆಂದೇ ‘ಕೈ ಕಟ್, ಬಾಯ್ ಮುಚ್’ ಎಂಬ ಜೋಡಿ ಸೂತ್ರ ಚಾಲ್ತಿಯಲ್ಲಿದೆ. ಈ ಸೂತ್ರಕ್ಕೆ ಅಪವಾದ ಒಂದೇ: ಎತ್ತಿದ ಕಿರುಬೆರಳು. ಅದಕ್ಕೆ ಕೂಡಲೇ ಅಪ್ಪಣೆ ಕೊಡದ ಮೇಷ್ಟ್ರು ಬೆಂಚಿನ ಕೆಳಗೆ ನೀರು ಹಾಕಿಸಬೇಕಾಗುತ್ತದೆ.